ತೀರ್ಪು ಕೇಳಿ ಅತ್ತವನು

ಹಳೆಯ ಸಿನಿಮಾಗಳ ಹಕ್ಕು ಕೊಂಡು ಡಿವಿಡಿ ಮಾಡಿ ಮಾರುತ್ತಿದ್ದ ತಿಪ್ಪೇಶನಿಗೆ ನಿರ್ಮಾಪಕರನ್ನು ಒಲಿಸಿಕೊಳ್ಳುವ ದಾರಿ ಒಂದೇ ಗೊತ್ತಿತ್ತು, ಹೊಗಳುವುದು. ಈ ಸಲದ ಚಿತ್ರವನ್ನಂತೂ ಅವನು ನೋಡಿಯೇ ಇರಲಿಲ್ಲ. ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ಅದರ ಹಾಡಿನ ಪುಸ್ತಕ ಓದಿಕೊಂಡು ನಿರ್ಮಾಪಕರ ಮನೆಗೆ ಬಂದಿದ್ದ. ಅದರಲ್ಲಿ ನಾಯಕ ಕಟಕಟೆ ಹತ್ತುವವರೆಗೆ ಕಥೆಯಿತ್ತು. ಆಮೇಲೆ ಎಲ್ಲ ಹಾಡಿನ ಪುಸ್ತಕಗಳಂತೆ, 'ತೀರ್ಪು ಏನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ' ಎಂದಿತ್ತು.

"ಚಿಕ್ಕೋನಿದ್ದಾಗ ನೋಡಿದ್ದು ಸಾರ್, ಇನ್ನೂ ಕಣ್ಣಿಗೆ ಕಟ್ದಂಗಿದೆ" ಎಂದ.

ಮುದಿ ನಿರ್ಮಾಪಕರ ಮುಖ ಅರಳಿತು. "ಹೌದಾ? ಕೋರ್ಟ್ ಸೀನು?"

"ಅದನ್ನ ಮಾತ್ರ ಕೇಳ್ಬೇಡಿ ಸಾರ್! ಆ ತೀರ್ಪು ಕೇಳಿ ನಮ್ಮಮ್ಮ ಸೆರಗು ಕಣ್ಣಿಗೊತ್ಕೊಂಡ್ರು. ನಾನಂತೂ ಬಿಕ್ಕಿಬಿಕ್ಕಿ ಅತ್ತೆ. ಇಡೀ ಥಿಯೇಟರೇ ಅಳ್ತಿತ್ತು."

ನಿರ್ಮಾಪಕರು ಕರಾರಿಗೆ ಸಹಿ ಹಾಕಿದರು. ತಿಪ್ಪೇಶ ಕೊಟ್ಟ ಚೆಕ್ಕನ್ನು ಜೇಬಿಗಿಳಿಸಿ, ಒಳಗೆ ಕಾಫಿಗೆ ಕೂಗಿ ಹೇಳಿ, ಕುರ್ಚಿಯನ್ನು ಅವನ ಪಕ್ಕಕ್ಕೇ ಎಳೆದುಕೊಂಡು ಕೂತರು.

"ಈಗ ನಿಧಾನವಾಗಿ ಹೇಳಪ್ಪಾ, ಜಡ್ಜು ಏನು ತೀರ್ಪು ಕೊಟ್ರು? ನಾವು ಹಾಡಿನ ಪುಸ್ತಕ ಅಚ್ಚು ಹಾಕ್ಸಿ, ಕೋರ್ಟ್ ಸೀನಿಗೆ ಮುಂಚೇನೇ ಶೂಟಿಂಗ್ ನಿಲ್ಲಿಸ್ಬಿಟ್ಟಿದ್ವಿ."