ಲಗ್ನಪತ್ರಿಕೆಗೆ ನುಗ್ಗಿದ ನರಿ

ನರಿ ಮತ್ತೆ ಬಂದು ಹೋಗಿತ್ತು.

ಸ್ಪಂದನ ಫೋನನ್ನು ತಾಯಿಯ ಮೂಗಿನ ಮುಂದೆ ಹಿಡಿದಳು. "ನೋಡವ್ವ. ಬೆಳಗ್ಗೆ ಅಪ್ಪನ ಹೆಸ್ರು ಮ್ಯಾಲಿತ್ತು. ಈಗ ನೋಡುದ್ರ ದೊಡ್ಡಪ್ಪನ ಹೆಸ್ರು ಮ್ಯಾಲದ."

ಸರಸ್ವತಮ್ಮ ಹುರುಳಿಯಲ್ಲಿ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ಸುಮ್ಕಿದ್ದಾರ? ನಾಳ ಬೆಳಗ್ಗೆ ನೋಡು, ಮತ್ತ ಅದಲು ಬದಲು."

ಸ್ಪಂದನಳ ಮದುವೆಯ ಲಗ್ನಪತ್ರಿಕೆ ಅದು. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ಕಡೆಯ ನೆಂಟರ ಮನೆಗೆ ಅಲೆದು ಹೆಸರು ಕೇಳುವ ಬದಲು, ಯಳಂದೂರಿನ ದೊಡ್ಡಪ್ಪನ ಮಗ ಶಿವಪ್ರಕಾಶ್ ಅದನ್ನು ಇಂಟರ್ನೆಟ್ಟಿಗೆ ಹಾಕಿ, ಲಿಂಕನ್ನು ನೆಂಟರ ವಾಟ್ಸಾಪ್ ಗುಂಪಿಗೆ ಬಿಟ್ಟಿದ್ದ. ಯಾರು ಬೇಕಾದರೂ ತೆರೆಯಬಹುದು, ತಪ್ಪಿದ್ದರೆ ತಿದ್ದಬಹುದು.

ತಿದ್ದಿದರು. ಸತ್ತೇಗಾಲದ ಶಂಕರಮ್ಮ ಮುಹೂರ್ತದ ಕೆಳಗೆ "ಊಟಕ್ಕೆ ಒಬ್ಬಟ್ಟು ಮರೆಯಬಾರದು" ಎಂದು ಸೇರಿಸಿದರು. ಲೊಕ್ಕನಹಳ್ಳಿಯ ಬಸವಕುಮಾರ್ "ನಮ್ಮ ಕಡೆಯವರನ್ನು ಹೊತ್ತು ಮುಳುಗುವ ಮೊದಲು ಕಳಿಸಿ, ದಾರಿಯಲ್ಲಿ ಆನೆ" ಎಂದು ಬರೆದ. ಯಾರೋ ಗಂಡಿನ ಹೆಸರನ್ನೇ ಅಳಿಸಿ, ಹೆದರಿ, ಎರಡು ಸಲ ಬರೆದರು. ಶಿವಪ್ರಕಾಶ್ ನಗುತ್ತಲೇ ಎಲ್ಲವನ್ನೂ ಸರಿ ಮಾಡಿದ.

ಸರಿಯಾಗದೆ ಉಳಿದದ್ದು ಒಂದೇ. 'ಆಗಮನಾಭಿಲಾಷಿಗಳು' ಎನ್ನುವ ಕಡೆ ಮೊದಲ ಹೆಸರು ಯಾರದು? ಅಣ್ಣನಾದ ದೊಡ್ಡಪ್ಪ ಸಿದ್ದಮಲ್ಲಪ್ಪನದೋ, ತಮ್ಮನಾದ ಅಪ್ಪ ಗುರುಸ್ವಾಮಿಯದೋ? ಬೆಳಗ್ಗೆ ತಮ್ಮ ಮೇಲೆ. ಮಧ್ಯಾಹ್ನ ಅಣ್ಣ ಮೇಲೆ. ತಿದ್ದಿದವರು ಯಾರೆಂದು ನೋಡಿದರೆ, ಹೆಸರು ಹೇಳದೆ ಒಳಗೆ ಬಂದವರಿಗೆಲ್ಲ ಆ ಪುಟ ಒಂದೊಂದು ಪ್ರಾಣಿಯ ಹೆಸರಿಡುತ್ತಿತ್ತು. ಒಂದು ದಿನ ನರಿ, ಒಂದು ದಿನ ಒಂಟೆ. ನೆಂಟರಿಗೆಲ್ಲ ಒಳ್ಳೆಯ ತಮಾಷೆ. ಸ್ಪಂದನಳಿಗೆ ಮಾತ್ರ ನಗು ಬರಲಿಲ್ಲ.

ಯಾಕೆಂದರೆ ಅಣ್ಣತಮ್ಮಂದಿರ ಮಾತು ನಿಂತದ್ದೇ ಇಂಥ ಪತ್ರಿಕೆಯಿಂದ. ಶಿವಪ್ರಕಾಶನ ಮನೆ ಒಕ್ಕಲಿನ ಪತ್ರಿಕೆಯಲ್ಲಿ ಗುರುಸ್ವಾಮಿಯ ಹೆಸರು ಕಟ್ಟಕಡೆಗೆ ಬಿದ್ದಿತ್ತು. ಗುರುಸ್ವಾಮಿ ಊಟಕ್ಕೂ ಕೂರದೆ ಬಸ್ಸು ಹತ್ತಿದರು. ಹಾಸಿದ ಎಲೆ ಬಿಟ್ಟು ಹೋದನಲ್ಲ ಎಂದು ಸಿದ್ದಮಲ್ಲಪ್ಪ ಕುದಿದರು. ಆಮೇಲೆ ಅವರು ಇವರ ಹೊಸ್ತಿಲು ತುಳಿಯಲಿಲ್ಲ, ಇವರು ಅವರದ್ದು ತುಳಿಯಲಿಲ್ಲ.

ಸ್ಪಂದನ ನಡೆಯಲು ಕಲಿತದ್ದು ದೊಡ್ಡಪ್ಪನ ಬೆರಳು ಹಿಡಿದು. ಧಾರೆಯ ಹೊತ್ತಿಗೆ ಇಬ್ಬರೂ ಪಕ್ಕದಲ್ಲಿ ನಿಲ್ಲಬೇಕೆಂಬುದು ಅವಳ ಒಂದೇ ಆಸೆ. ಮೇಲೆ ಯಾರ ಹೆಸರು ಅಚ್ಚಾದರೂ ಇನ್ನೊಬ್ಬರು ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಅಪ್ಪನನ್ನು ಕೇಳಿಯೂ ಬಿಟ್ಟಿದ್ದಳು.

ಗುರುಸ್ವಾಮಿ ಮಗ್ಗದ ಮೇಲಿಂದ ಕಣ್ಣೆತ್ತದೆ ಹೇಳಿದ್ದರು, "ಯಾರೆಸ್ರು ಎಲ್ಲಿರ್ಬೇಕೋ ಅಲ್ಲಿರ್ಬೇಕು ಕಣವ್ವ. ಇಲ್ದಿದ್ರ ನಾನು ಮಂಟಪಕ್ಕೇ ಬರಾಕಿಲ್ಲ."

"ನಮ್ಮಪ್ಪಂದೂ ಅದೇ ರಾಗ," ಎಂದು ಶಿವಪ್ರಕಾಶ್ ಫೋನಿನಲ್ಲಿ ನಿಟ್ಟುಸಿರಿಟ್ಟಿದ್ದ. "ಮ್ಯಾಲಿರ್ಬೇಕಾದ್ದು ಮ್ಯಾಲಿದ್ರ ಬತ್ತೀನಿ, ಇಲ್ಲಾಂದ್ರ ಇಲ್ಲ ಅಂತವ್ರ."

ಮರುದಿನ ಪ್ರೆಸ್ಸಿನ ಜಡೇಸ್ವಾಮಿ ಫೋನು ಮಾಡಿದ. "ಮದ್ವ ಆದ್ಮೇಲ ಅಚ್ಚಾಕ್ಬೇಕಾ ತಾಯಿ? ಇವತ್ತು ಮೂರು ಗಂಟ್ಗ ಅದ್ರಲ್ಲಿ ಯೆಂಗದೋ ಅಂಗೇ ಒಡೀತೀನಿ. ಅಂದಂಗ, ನಿಮ್ಮಪ್ಪಾರು ದಿನಾ ನಮ್ಮ ಪಕ್ಕದ ಕಂಪ್ಯೂಟರ್ ಅಂಗ್ಡೀಲಿ ಏನ್ ಮಾಡ್ತಾರ?"

ಸ್ಪಂದನಳಿಗೆ ಕಣ್ಣು ತೆರೆದಂತಾಯಿತು. ಊಟಕ್ಕೆ ಮೊದಲು "ಎಲೆಅಡಕೆ ತತ್ತೀನಿ" ಎಂದು ಹೋಗಿ ಬರಿಗೈಯಲ್ಲಿ ಬರುವ ಅಪ್ಪ! ಅವಳು ಕೂಡಲೇ ಯಳಂದೂರಿಗೆ ಫೋನು ಹಚ್ಚಿದಳು.

"ಪ್ರಕಾಶಣ್ಣ, ನೀನು ದೊಡ್ಡಪ್ಪನ ಬೆನ್ನಿಂದ ನಿಂತ್ಕ. ನಾನು ಅಪ್ಪನ ಬೆನ್ನಿಂದ ನಿಂತ್ಕತೀನಿ. ಫೋನು ಕಟ್ ಮಾಡ್ಬ್ಯಾಡ. ಇವತ್ತು ಇಬ್ರುನ್ನೂ ಹಿಡಿದೇಬುಡವ."

ಕಂಪ್ಯೂಟರ್ ಅಂಗಡಿಯಲ್ಲಿ ಗುರುಸ್ವಾಮಿ ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ ಕೀಲಿ ಒತ್ತುತ್ತಿದ್ದರು. ಮೂರು ಗಂಟೆಗೆ ಅಚ್ಚಾಗುತ್ತದೆ ಎಂಬ ಸುದ್ದಿ ಅಣ್ಣತಮ್ಮ ಇಬ್ಬರಿಗೂ ಮುಟ್ಟಿತ್ತು. ಪರದೆಯ ಮೇಲೆ ಆ ಎರಡು ಹೆಸರು ಏತದ ಹಾಗೆ ಏರಿ ಇಳಿಯುತ್ತಿದ್ದವು. ಒಂದು ಮೇಲೆ ಹೋಯಿತು ಎನ್ನುವಷ್ಟರಲ್ಲಿ ಕೆಳಕ್ಕೆ. ಗುರುಸ್ವಾಮಿ ಮೇಜು ಗುದ್ದಿದರು. ಮತ್ತೆ ಏರಿಸಿದರು. ಮತ್ತೆ ಇಳಿಯಿತು.

ಬೆನ್ನ ಹಿಂದೆ ಬಂದು ನಿಂತಿದ್ದ ಸ್ಪಂದನಳಿಗೆ ತಡೆಯಲಾಗಲಿಲ್ಲ. "ಸಾಕು ಬುಡಪ್ಪ! ನಿನ್ನ ಹೆಸ್ರು ಒಂದು ಗೆರೆ ಕೆಳಗಿದ್ರ ಗಂಟು ಹೋದದ?"

ಗುರುಸ್ವಾಮಿ ಬೆಚ್ಚಿ ತಿರುಗಿದರು. ಕಣ್ಣು ಕೆಂಪಾಗಿತ್ತು.

"ನನ್ನೆಸ್ರಾ? ನನ್ನೆಸ್ರು ಕಾಲ್ದೆಸೇಲಿರ್ಲಿ ಬುಡು! ನಾನು ದಿನಾ ಬಂದು ನಮ್ಮಣ್ಣನೆಸ್ರ ಮ್ಯಾಲಾಕೋಗ್ತೀನಿ, ಯಾವನೋ ಅದ ಕೆಳುಕ್ಕೆಳೀತಾವ್ನ ಕಣವ್ವ!"

ಅವಳು ಬಾಯಿ ತೆರೆಯುವ ಮೊದಲೇ, ಕೈಯಲ್ಲಿದ್ದ ಫೋನಿನೊಳಗಿಂದ ಯಳಂದೂರಿನ ದೊಡ್ಡಪ್ಪನ ಗಂಟಲು ಅಂಗಡಿಗೆಲ್ಲ ಕೇಳಿಸಿತು: "ಬಾರ್ಲಾ ಪ್ರಕಾಸ, ನೋಡ್ಲಾ ಇಲ್ಲಿ, ನಮ್ಮ ಗುರುನೆಸ್ರ ನಾನು ಮ್ಯಾಲಾಕ್ದಂಗೆಲ್ಲ ಕೆಳುಕ್ಕ ತಳ್ತಾವ್ನಲ್ಲ, ಯಾವನ್ಲಾ ಆ ಬಡ್ಡೀಮಗ?"