ಪೆರು ದೇಶದ ನೂಲು

ಹಸಿ ಉಣ್ಣೆಯ ವಾಸನೆ ಬಂದರೆ ನನಗೆ ಈಗಲೂ ಪೆರು ದೇಶ ನೆನಪಾಗುತ್ತದೆ.

ನಮ್ಮದು ಖಾನಾಪುರದ ಕಡೆ ಕುರಿ ಸಾಕುವ ಮನೆ. ಕುರಿ ನಾತವೆಂದು ಹುಡುಗರು ಮೂಗು ಮುಚ್ಚುತ್ತಿದ್ದುದರಿಂದ ಶಾಲೆಯಲ್ಲಿ ನಾನು ಬಾಯಿ ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಪಾಠ ಹೇಳುವ ಅಕ್ಕೋರು ಬೆಳಗಾವಿಯಿಂದ ತಂದ ದೊಡ್ಡ ಚಿತ್ರಪಟವನ್ನು ಗೋಡೆಗೆ ತೂಗುಹಾಕಿದರು.

"ಇದು ದಕ್ಷಿಣ ಅಮೆರಿಕಾದಾಗಿನ ಪೆರು ದೇಶ."

ಮೋಡ ದಾಟಿದ ಆಂಡೀಸ್ ಬೆಟ್ಟ, ರೆಕ್ಕೆ ಚಾಚಿದ ಕಾಂಡೋರ್ ಹದ್ದು, ಉದ್ದ ಕತ್ತಿನ, ಮೈತುಂಬ ಉಣ್ಣೆಯ ಲಾಮಾ. ಅದರ ಹಿಂದೆ ಟೋಪಿ ಹಾಕಿದ ಹೆಂಗಸೊಬ್ಬಳು ಕೈಯಿಂದ ಕಡ್ಡಿಯೊಂದನ್ನು ಇಳಿಬಿಟ್ಟುಕೊಂಡು ನಡೆಯುತ್ತಿದ್ದಳು.

"ಇಕಿ ಏನ್ ಮಾಡಾಕತ್ಯಾಳ, ಯಾರ್ ಹೇಳ್ತೀರಿ?"

ನನಗೆ ತಡೆಯಲಾಗಲಿಲ್ಲ. "ಉಣ್ಣಿ ನೂಲಾಕತ್ಯಾಳ್ರೀ! ನಮ್ಮ ಆಯಿನೂ ಹಿಂಗ ನೂಲ್ತಾಳ!" ಎಂದು ಎದ್ದು ಕೂಗಿದೆ.

"ಖರೇನ? ಹಂಗಾರ ಓಡು, ಆಯಿನ್ನ ಕರಕೊಂಡ್ ಬಾ."

ಆಯಿ, ಅಂದರೆ ನನ್ನ ಅಜ್ಜಿ, ಕೈಯಲ್ಲಿ ನೂಲುವ ಕದಿರು ಹಿಡಿದೇ ಬಂದಳು. ಅವಳು ಶಾಲೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಚಿತ್ರದ ಮುಂದೆ ಬಹಳ ಹೊತ್ತು ನಿಂತಳು.

"ಎಳಿ ಭಾಳ ಸಣ್ಣಗ ತಗದಾಳ. ಶ್ಯಾಣ್ಯಾಕಿ ಅದಾಳ," ಎಂದಳು.

ಅಕ್ಕೋರು ತಮ್ಮ ಕುರ್ಚಿಯನ್ನೇ ಅವಳತ್ತ ಸರಿಸಿದರು. "ಕುಂದರ್ರಿ ಆಯಿ, ನಮಗೂ ಒಂದೀಟು ಕಲಸ್ರಿ," ಎಂದವರೇ ನೆಲದ ಮೇಲೆ ನಮ್ಮ ನಡುವೆ ಕುಳಿತು, ಎಲ್ಲರಿಗಿಂತ ಮೊದಲು ಉಣ್ಣೆ ಸುತ್ತಿದ ಆ ಕದಿರಿಗೆ ಕೈ ಚಾಚಿದರು.