ನಾಲಿಗೆ ಹೋಗುವ ದಿಕ್ಕು

ಹಾಸಿಗೆ ಹಿಡಿದಿದ್ದ ಮಾವ ವೆಂಕಟರಾಮಪ್ಪನ ತುಟಿಗೆ ಶೋಭಾರಾಣಿ ಗಂಜಿಯ ಚಮಚ ಹಿಡಿದಳು. ಬಾಯಿ ತೆರೆಯಿತು, ನಾಲಿಗೆ ಆಡಿತು. “ನೋಡಮ್ಮ, ತಾತ ಇನ್ನೂ ಬೇಕಂತಾವ್ರೆ,” ಎಂದಳು ಪಕ್ಕದಲ್ಲಿದ್ದ ಮಗಳಿಗೆ.

ಮಗಳು ಧನುಶ್ರೀ ಲ್ಯಾಬಿನಲ್ಲಿ ಕಡಲ ಬಸವನಹುಳುವಿನ ನರಗಳನ್ನು ಅಭ್ಯಾಸ ಮಾಡುವವಳು. ನುಂಗುವಾಗಲೂ ಉಗುಳುವಾಗಲೂ ಅದರ ಬಾಯಿ ಒಂದೇ ರೀತಿ ತೆರೆಯುತ್ತದೆ; ನಾಲಿಗೆ ಹೋಗುವ ದಿಕ್ಕು ಮಾತ್ರ ಬೇರೆ.

“ಇಲ್ಲಮ್ಮ. ತಾತ ಆಚೆಗೆ ತಳ್ತಿದ್ದಾರೆ.”

“ಉಪವಾಸ ಬಿಡಕ್ಕಾಗುತ್ತೇನೇ?” ಶೋಭಾರಾಣಿ ಮತ್ತೆ ಚಮಚ ತುಂಬಿದಳು.

ರೇಷ್ಮೆ ಸಾಕುವ ಹುಳುಮನೆಯಿಂದ ಬಂದ ಅತ್ತೆ ಚಿಕ್ಕವೆಂಕಟಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. “ಗೂಡು ಕಟ್ಟೋಕೆ ತಲೆ ಎತ್ತಿದ ರೇಷ್ಮೆಹುಳಕ್ಕೆ ಸೊಪ್ಪು ಹಾಕ್ತೀವೇನಮ್ಮ?” ಎನ್ನುತ್ತ ಸೊಸೆಯ ಕೈಯಿಂದ ಚಮಚ ತೆಗೆದಿಟ್ಟಳು. ಸೆರಗಿನ ತುದಿಯನ್ನು ನೀರಿಗೆ ಅದ್ದಿ ಗಂಡನ ಒಣಗಿದ ತುಟಿಗೆ ಒತ್ತಿದಳು.

ಈ ಸಲ ನಾಲಿಗೆ ಹನಿಯನ್ನು ಒಳಕ್ಕೆಳೆದುಕೊಂಡಿತು.